ಮೂರು ಪೆಡಲುಗಳು, ಎರಡು ಪಾದಗಳು: ಹೊಸ ಚಾಲಕರಿಗೆ ಸುರಕ್ಷಿತ ಚಾಲನೆಯ ಮೊದಲ ಪಾಠ

ಕಾರು ನಡೆಸಲು ಕಲಿಯಹೊರಟವರ ಗಮನವೆಲ್ಲ ಸಾಮಾನ್ಯವಾಗಿ ಸ್ಟಿಯರಿಂಗ್ ಚಕ್ರದ ಮೇಲೆ ನೆಟ್ಟಿರುತ್ತದೆ. ಕೈಗಳ ಕೆಲಸ ಕಣ್ಣಿಗೆ ಕಾಣುತ್ತದೆ. ಪಾದಗಳ ಕೆಲಸ ಕಾಣುವುದಿಲ್ಲ. ಆದರೆ ಕಾರು ಹೊರಡುವುದು, ವೇಗ ಪಡೆಯುವುದು, ನಿಲ್ಲುವುದು, ಈ ಮೂರೂ ಪಾದಗಳ ಅಧೀನದಲ್ಲಿವೆ. ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಕೈ ನಿರ್ಧರಿಸಿದರೆ, ಎಷ್ಟು ರಭಸದಿಂದ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಪಾದ ನಿರ್ಧರಿಸುತ್ತದೆ.

ಇದು ಕೇವಲ ಯಂತ್ರದ ವಿಷಯವಲ್ಲ, ಪ್ರಾಣದ ವಿಷಯ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ, 1,68,491 ಮಂದಿ ಮೃತಪಟ್ಟರು. ಈ ಸಾವುಗಳ ಪೈಕಿ ಶೇಕಡಾ 71ರಷ್ಟು ಅತಿವೇಗದಿಂದ ಸಂಭವಿಸಿದವು. ವೇಗವೆಂಬುದು ತಾನಾಗಿ ಬರುವುದಿಲ್ಲ; ಚಾಲಕರ ಬಲಪಾದವು ಅದನ್ನು ಕೊಡುತ್ತದೆ. ಹಾಗೆ ಕೊಟ್ಟ ವೇಗವನ್ನು ಅಗತ್ಯ ಬಿದ್ದಾಗ ಹಿಂತೆಗೆದುಕೊಳ್ಳಬೇಕಾದದ್ದೂ ಅದೇ ಬಲಪಾದ. ಸುರಕ್ಷಿತ ಚಾಲನೆಯ ಮೂಲಸೂತ್ರ ಇದರಲ್ಲಿಯೇ ಅಡಗಿದೆ.

ಹೈದರಾಬಾದಿನಂತಹ ಮಹಾನಗರವು ಹೊಸ ಚಾಲಕರ ಪಾದಗಳಿಗೆ ಎಲ್ಲ ಬಗೆಯ ಪರೀಕ್ಷೆಗಳನ್ನೂ ಒಡ್ಡುತ್ತದೆ. ಚಾರ್‌ಮಿನಾರ್ ಸುತ್ತಲಿನ ಹಳೆಯ ನಗರದಲ್ಲಿ ಪಾದಚಾರಿಗಳು, ತಳ್ಳುಗಾಡಿಗಳು, ಆಟೋರಿಕ್ಷಾಗಳ ನಡುವೆ ಹೆಜ್ಜೆಹೆಜ್ಜೆಗೂ ನಿಂತು ಹೊರಡಬೇಕು. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಪ್ರದೇಶಗಳಲ್ಲಿ ಏರುರಸ್ತೆಯಲ್ಲಿಯೇ ನಿಲ್ಲಬೇಕಾಗುತ್ತದೆ. ಮೆಹದೀಪಟ್ನಂನಿಂದ ಆರಾಂಘರ್‌ವರೆಗೆ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಮೇಲ್ಸೇತುವೆ 2009ರಲ್ಲಿ ಸಂಚಾರಕ್ಕೆ ತೆರೆದಿದೆ. ನಗರವನ್ನು ಬಳಸಿ 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ಇದೆ. ಇಂತಹ ತೆರಪಾದ ರಸ್ತೆಗಳು ಬಲಪಾದವನ್ನು ವೇಗಕ್ಕೆ ಪ್ರಚೋದಿಸುತ್ತವೆ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳಿಂದ ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ಇಲ್ಲಿಗೆ ಬರುವ ಕನ್ನಡಿಗರಲ್ಲಿ ಅನೇಕರು ಈ ರಸ್ತೆಗಳಲ್ಲಿಯೇ ಮೊದಲ ಬಾರಿಗೆ ಕಾರು ನಡೆಸುತ್ತಾರೆ. ಅಂತಹವರಿಗೆ ಮಾರ್ಗದರ್ಶನವಾಗಲೆಂದು ಈ ಪಾಠವನ್ನು ನೀಡಲಾಗಿದೆ.

ಪೆಡಲುಗಳ ಕ್ರಮ

ಕೈಯಿಂದ ಗೇರ್ ಬದಲಾಯಿಸುವ ಕಾರಿನಲ್ಲಿ ಮೂರು ಪೆಡಲುಗಳಿರುತ್ತವೆ. ಬಲಗಡೆಯ ತುದಿಯಲ್ಲಿ ಆಕ್ಸಿಲರೇಟರ್, ನಡುವೆ ಬ್ರೇಕ್, ಎಡಗಡೆಯ ತುದಿಯಲ್ಲಿ ಕ್ಲಚ್. ಬಲದಿಂದ ಎಡಕ್ಕೆ ಎಣಿಸಿದರೆ ಎ, ಬಿ, ಸಿ ಎಂಬ ಇಂಗ್ಲಿಷ್ ಅಕ್ಷರಗಳ ಕ್ರಮವೇ ಬರುವುದರಿಂದ ನೆನಪಿಡುವುದು ಸುಲಭ.

ಪೆಡಲುಗಳು ಮೂರು, ಪಾದಗಳು ಎರಡು. ಎಡಪಾದಕ್ಕೆ ಕ್ಲಚ್ ಒಂದೇ ಕೆಲಸ. ಆಕ್ಸಿಲರೇಟರ್ ಮತ್ತು ಬ್ರೇಕ್ ಎರಡೂ ಬಲಪಾದಕ್ಕೆ ಸೇರಿವೆ. ಈ ವ್ಯವಸ್ಥೆ ಉದ್ದೇಶಪೂರ್ವಕವಾದದ್ದು. ಒಂದೇ ಪಾದವು ಏಕಕಾಲಕ್ಕೆ ಎರಡು ಪೆಡಲುಗಳನ್ನು ಒತ್ತಲಾರದು. ಆದ್ದರಿಂದ ಬ್ರೇಕ್ ಒತ್ತಲು ಹೋದ ಪಾದವು ಆಕ್ಸಿಲರೇಟರನ್ನು ಬಿಟ್ಟೇ ಹೋಗಬೇಕಾಗುತ್ತದೆ. ಎಡಪಾದದಿಂದ ಬ್ರೇಕ್ ಒತ್ತುವ ಅಭ್ಯಾಸವು ಈ ರಕ್ಷಣೆಯನ್ನೇ ಇಲ್ಲವಾಗಿಸುತ್ತದೆ. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರುಗಳಲ್ಲಿ ಎರಡೇ ಪೆಡಲುಗಳಿದ್ದರೂ ನಿಯಮ ಅದೇ: ಬಲಪಾದವೊಂದೇ ಕೆಲಸ ಮಾಡಬೇಕು, ಎಡಪಾದ ವಿಶ್ರಮಿಸಬೇಕು.

ಬಲಪಾದದ ಹಿಮ್ಮಡಿಯನ್ನು ಬ್ರೇಕ್ ಪೆಡಲಿನ ನೇರಕ್ಕೆ ನೆಲದ ಮೇಲೆ ಊರಿ, ಪಾದದ ಮುಂಭಾಗವನ್ನು ಮಾತ್ರ ಬಲಕ್ಕೆ ಹೊರಳಿಸಿ ಆಕ್ಸಿಲರೇಟರ್ ಒತ್ತುವುದು ಉತ್ತಮ ರೂಢಿ. ಆಗ ಗಾಬರಿಯಲ್ಲಿಯೂ ಪಾದವು ಸಹಜವಾಗಿ ಬ್ರೇಕಿನ ಮೇಲೆಯೇ ಬರುತ್ತದೆ. ಇದಕ್ಕೆ ಆಸನವು ಸರಿಯಾದ ದೂರದಲ್ಲಿರಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಎಡಮೊಣಕಾಲು ಸ್ವಲ್ಪ ಮಡಿಚಿರುವಂತೆ ಆಸನವನ್ನು ಹೊಂದಿಸಿಕೊಳ್ಳಬೇಕು.

ಕ್ಲಚ್

ಎಂಜಿನ್ ಸದಾ ತಿರುಗುತ್ತಿರುತ್ತದೆ. ಚಕ್ರಗಳು ಕೆಲವೊಮ್ಮೆ ನಿಂತಿರಬೇಕಾಗುತ್ತದೆ. ಇವೆರಡರ ನಡುವಿನ ಸಂಪರ್ಕವನ್ನು ಬೇಕೆಂದಾಗ ಕಡಿದು, ಬೇಕೆಂದಾಗ ಕೂಡಿಸುವ ಸಾಧನವೇ ಕ್ಲಚ್. ಎಂಜಿನ್ನಿನೊಡನೆ ತಿರುಗುವ ಭಾರವಾದ ಚಕ್ರಕ್ಕೆ ಘರ್ಷಣೆಯ ಹೊದಿಕೆಯುಳ್ಳ ಒಂದು ತಟ್ಟೆಯನ್ನು ಸ್ಪ್ರಿಂಗಿನ ಬಲವು ಒತ್ತಿ ಹಿಡಿದಿರುತ್ತದೆ. ಪೆಡಲನ್ನು ಒತ್ತಿದಾಗ ಈ ಹಿಡಿತ ಸಡಿಲುತ್ತದೆ. ಬಿಟ್ಟಾಗ ಮತ್ತೆ ಬಿಗಿಯುತ್ತದೆ.

ಪೆಡಲನ್ನು ನಿಧಾನವಾಗಿ ಬಿಡುತ್ತ ಬಂದಾಗ ಒಂದು ಹಂತದಲ್ಲಿ ಎಂಜಿನ್ನಿನ ಧ್ವನಿ ತುಸು ತಗ್ಗಿ, ಕಾರು ಮುಂದಕ್ಕೆ ಹೊರಡಲು ತವಕಿಸುವಂತೆ ತೋರುತ್ತದೆ. ಹಿಡಿತ ಆರಂಭವಾಗುವ ಸ್ಥಾನ ಅದೇ. ಅಲ್ಲಿ ಪಾದವನ್ನು ಕ್ಷಣಕಾಲ ತಡೆದು, ಬಳಿಕ ಉಳಿದ ಭಾಗವನ್ನು ಬಿಟ್ಟರೆ ಕಾರು ನೆಗೆಯದೆ ಹೊರಡುತ್ತದೆ. ಈ ಸ್ಥಾನ ಒಂದೊಂದು ಕಾರಿನಲ್ಲಿ ಒಂದೊಂದು ಬಗೆ. ಬೇರೆ ಕಾರನ್ನು ಹತ್ತಿದಾಗಲೆಲ್ಲ ಮೊದಲು ಬಯಲಿನಲ್ಲಿ ಇದನ್ನು ಗುರುತಿಸಿಕೊಳ್ಳಬೇಕು.

ದಟ್ಟಣೆಯಲ್ಲಿ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದೇ ಕಾರನ್ನು ತೆವಳಿಸುವುದು ಅನೇಕರ ಚಾಳಿ. ಇದರಿಂದ ತಟ್ಟೆ ಉಜ್ಜಿ ಕಾಯುತ್ತದೆ. ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಬೇಗನೆ ಸವೆಯುತ್ತದೆ. ಮುಂದಿನ ವಾಹನ ತುಸು ದೂರ ಸರಿಯುವವರೆಗೆ ನ್ಯೂಟ್ರಲ್‌ನಲ್ಲಿ ನಿಂತು, ಬಳಿಕ ಹೊರಡುವುದು ಲೇಸು.

ಆಕ್ಸಿಲರೇಟರ್

ಈ ಪೆಡಲು ಎಂಜಿನ್ನಿಗೆ ಸೇರುವ ಗಾಳಿಯನ್ನೂ ಇಂಧನವನ್ನೂ ನಿಯಂತ್ರಿಸುತ್ತದೆ. ಒತ್ತಿದರೆ ವೇಗ ಹೆಚ್ಚುವುದೆಂದು ಎಲ್ಲರೂ ಬಲ್ಲರು. ಬಿಟ್ಟರೆ ವೇಗ ತಗ್ಗುವುದೆಂಬುದನ್ನು ಹಲವರು ಮರೆಯುತ್ತಾರೆ. ಗೇರಿನಲ್ಲಿರುವ ಕಾರಿನ ಆಕ್ಸಿಲರೇಟರನ್ನು ಬಿಟ್ಟೊಡನೆ ಎಂಜಿನ್ನು ಚಕ್ರಗಳನ್ನು ಹಿಂದಕ್ಕೆ ಎಳೆದಂತೆ ತಡೆಯುತ್ತದೆ. ಗೇರು ಚಿಕ್ಕದಾದಷ್ಟೂ ಈ ತಡೆ ಹೆಚ್ಚು. ವಿದ್ಯುತ್ ಕಾರುಗಳಲ್ಲಿಯೂ ಪಾದವನ್ನು ಎತ್ತಿದಾಗ ಮೋಟಾರು ಇಂತಹದೇ ತಡೆಯನ್ನು ಒಡ್ಡಿ, ಬ್ಯಾಟರಿಗೆ ಅಷ್ಟಿಷ್ಟು ಶಕ್ತಿಯನ್ನು ಮರಳಿಸುತ್ತದೆ.

ಪೆಟ್ರೋಲು ಉಳಿಯುವುದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಅಪಾಯಕರ. ಆಗ ಎಂಜಿನ್ನಿನ ತಡೆ ಇಲ್ಲವಾಗಿ ಸಮಸ್ತ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದು ಪಾದವನ್ನು ಎತ್ತಿದಾಗ ಇಂಧನದ ಸರಬರಾಜು ತಾನಾಗಿ ಕಡಿತಗೊಳ್ಳುವುದರಿಂದ ಈ ಪದ್ಧತಿಯಿಂದ ಉಳಿತಾಯವೂ ಇಲ್ಲ.

ಬ್ರೇಕ್

ಬ್ರೇಕ್ ಪೆಡಲನ್ನು ಒತ್ತಿದಾಗ ಕೊಳವೆಗಳಲ್ಲಿರುವ ಬ್ರೇಕ್ ದ್ರವವು ಆ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಒಯ್ಯುತ್ತದೆ. ಅಲ್ಲಿ ಘರ್ಷಣೆಯ ಪಟ್ಟಿಗಳು ತಿರುಗುವ ಡಿಸ್ಕ್ ಅಥವಾ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ. ಚಲನೆಯ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಪಾದದ ಬಲ ಸಾಲದಾದ್ದರಿಂದ ಎಂಜಿನ್ ನಡೆಯುತ್ತಿರುವಾಗ ದೊರೆಯುವ ಹೆಚ್ಚುವರಿ ಬಲವೂ ಇದಕ್ಕೆ ನೆರವಾಗುತ್ತದೆ. ಚಲಿಸುತ್ತಿರುವ ಕಾರಿನ ಎಂಜಿನ್ನನ್ನು ಆರಿಸಿದರೆ ಈ ನೆರವು ಬೇಗನೆ ತೀರಿ, ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಆರಿಸಬಾರದೆಂಬ ಎಚ್ಚರಿಕೆಗೆ ಕಾರಣ ಇದೇ.

2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಎ.ಬಿ.ಎಸ್. ಎಂಬ ವ್ಯವಸ್ಥೆ ಕಡ್ಡಾಯವಾಗಿದೆ. ಚಕ್ರಗಳು ಪೂರ್ತಿ ಬಿಗಿದು ಜಾರದಂತೆ ಇದು ತಡೆಯುತ್ತದೆ. ಹೀಗಾಗಿ ಬ್ರೇಕ್ ಒತ್ತಿದ್ದಾಗಲೂ ಸ್ಟಿಯರಿಂಗ್ ಮಾತು ಕೇಳುತ್ತದೆ. ತುರ್ತು ಸಂದರ್ಭದಲ್ಲಿ ಪೆಡಲು ಪಾದದಡಿಯಲ್ಲಿ ನಡುಗಿದಂತಾಗುತ್ತದೆ. ಇದು ದೋಷವಲ್ಲ. ಹೆದರಿ ಪಾದವನ್ನು ಎತ್ತದೆ, ಗಟ್ಟಿಯಾಗಿ ಒತ್ತಿಯೇ ಹಿಡಿಯಬೇಕು.

ನಿಲ್ಲಿಸುವಾಗ ಅನುಸರಿಸಬೇಕಾದ ಕ್ರಮ ಹೀಗಿದೆ: ಮೊದಲು ಆಕ್ಸಿಲರೇಟರಿನಿಂದ ಪಾದವನ್ನು ಎತ್ತುವುದು, ಹಿಂದಿನ ವಾಹನವನ್ನು ಕನ್ನಡಿಯಲ್ಲಿ ನೋಡುವುದು, ಬ್ರೇಕನ್ನು ಹಂತಹಂತವಾಗಿ ಒತ್ತುವುದು, ಕಾರು ನಿಲ್ಲುವ ಹಂತಕ್ಕೆ ಬಂದಾಗ ಎಂಜಿನ್ ಆರದಂತೆ ಕ್ಲಚ್ ಒತ್ತುವುದು. ಹೊಸಬರು ಹೆಚ್ಚಾಗಿ ಕ್ಲಚ್ಚನ್ನೇ ಮೊದಲು ಒತ್ತಿಬಿಡುತ್ತಾರೆ. ಹಾಗೆ ಮಾಡಿದರೆ ಎಂಜಿನ್ನಿನ ತಡೆ ತಪ್ಪಿಹೋಗುತ್ತದೆ. ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ ಈ ಕ್ರಮವನ್ನೆಲ್ಲ ಬದಿಗಿಟ್ಟು ಬ್ರೇಕನ್ನು ಪೂರ್ಣಬಲದಿಂದ ಒತ್ತಬೇಕು. ಎಂಜಿನ್ ಆರಿದರೆ ಆರಲಿ.

ನಿಲ್ಲಲು ಬೇಕಾಗುವ ದೂರ

ಅಪಾಯವನ್ನು ಕಣ್ಣು ಕಂಡೊಡನೆ ಕಾರು ನಿಲ್ಲುವುದಿಲ್ಲ. ಕಂಡದ್ದನ್ನು ಮನಸ್ಸು ಗ್ರಹಿಸಬೇಕು, ಪಾದವು ಒಂದು ಪೆಡಲನ್ನು ಬಿಟ್ಟು ಇನ್ನೊಂದನ್ನು ಸೇರಬೇಕು. ಇದಕ್ಕೆ ಒಂದು ಸೆಕೆಂಡು ಹಿಡಿಯುವುದೆಂದು ಇಟ್ಟುಕೊಳ್ಳೋಣ. ಆ ಒಂದು ಸೆಕೆಂಡು ಕಾರು ಹಿಂದಿನ ವೇಗದಲ್ಲಿಯೇ ಓಡುತ್ತಿರುತ್ತದೆ. ಬ್ರೇಕ್ ಹಿಡಿದ ಮೇಲೂ ಕೆಲವು ಮೀಟರು ಮುಂದುವರಿಯುತ್ತದೆ. ಉತ್ತಮ ಟೈರುಗಳುಳ್ಳ ಕಾರಿಗೆ ಒಣಗಿದ, ಸಮತಟ್ಟಾದ ರಸ್ತೆಯಲ್ಲಿ ಈ ಲೆಕ್ಕ ಸುಮಾರಾಗಿ ಹೀಗೆ ಬರುತ್ತದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ: ಬ್ರೇಕಿಗೆ ಮುನ್ನ 11 ಮೀಟರ್, ಬಳಿಕ 9 ಮೀಟರ್, ಒಟ್ಟು 20 ಮೀಟರ್.
ಗಂಟೆಗೆ 60 ಕಿ.ಮೀ. ವೇಗದಲ್ಲಿ: ಬ್ರೇಕಿಗೆ ಮುನ್ನ 17 ಮೀಟರ್, ಬಳಿಕ 20 ಮೀಟರ್, ಒಟ್ಟು 37 ಮೀಟರ್.
ಗಂಟೆಗೆ 80 ಕಿ.ಮೀ. ವೇಗದಲ್ಲಿ: ಬ್ರೇಕಿಗೆ ಮುನ್ನ 22 ಮೀಟರ್, ಬಳಿಕ 35 ಮೀಟರ್, ಒಟ್ಟು 57 ಮೀಟರ್.

ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಬಳಿಕದ ದೂರ ನಾಲ್ಮಡಿಯಾಗುವುದನ್ನು ಇಲ್ಲಿ ಗಮನಿಸಬೇಕು. ಮಳೆಯಿಂದ ನೆನೆದ ರಸ್ತೆಯಲ್ಲಿ ಟೈರುಗಳ ಹಿಡಿತ ಕುಗ್ಗುವುದರಿಂದ ಒಟ್ಟು ದೂರಗಳು ಸುಮಾರು 26, 52 ಮತ್ತು 84 ಮೀಟರಿಗೆ ಏರುತ್ತವೆ.

ಒಂದು ಉದಾಹರಣೆಯಿಂದ ಇದರ ಅರ್ಥ ಸ್ಪಷ್ಟವಾಗುತ್ತದೆ. ನಿಂತ ಬಸ್ಸಿನ ಮರೆಯಿಂದ ಒಂದು ಮಗು ಕಾರಿಗೆ 20 ಮೀಟರ್ ಮುಂದೆ ರಸ್ತೆಗೆ ಬಂದಿತೆಂದು ಭಾವಿಸೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದ ಕಾರು ಮಗುವಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. 60 ಕಿ.ಮೀ. ವೇಗದಲ್ಲಿದ್ದ ಕಾರಿನ ಚಾಲಕರು ಬ್ರೇಕನ್ನು ಮುಟ್ಟುವ ಹೊತ್ತಿಗೇ 17 ಮೀಟರ್ ಕಳೆದಿರುತ್ತದೆ. ಉಳಿದ ಮೂರು ಮೀಟರಿನಲ್ಲಿ ವೇಗ ಅಷ್ಟೇನೂ ತಗ್ಗದೆ, ಕಾರು ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿಯೇ ಮಗುವಿಗೆ ಬಡಿಯುತ್ತದೆ. ಎರಡೂ ಕಾರುಗಳ ಬ್ರೇಕು ಒಂದೇ, ಚಾಲಕರ ಚುರುಕುತನವೂ ಒಂದೇ. ವ್ಯತ್ಯಾಸವೆಂದರೆ ಬಲಪಾದವು ಅಪಾಯಕ್ಕೆ ಮೊದಲೇ ಕೊಟ್ಟಿದ್ದ 20 ಕಿ.ಮೀ. ಹೆಚ್ಚುವರಿ ವೇಗ ಮಾತ್ರ.

ಆದ್ದರಿಂದ ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣ, ಅಡ್ಡರಸ್ತೆಗಳು ಎದುರಾದಾಗ ಪಾದವನ್ನು ಆಕ್ಸಿಲರೇಟರಿನಿಂದ ಎತ್ತಿ, ಒತ್ತದೆ ಬ್ರೇಕಿನ ಮೇಲೆ ಸಿದ್ಧವಾಗಿ ಇಟ್ಟುಕೊಂಡಿರಬೇಕು. ಇದರಿಂದ ಕಾಲು ಸೆಕೆಂಡು ಉಳಿದರೂ 40 ಕಿ.ಮೀ. ವೇಗದಲ್ಲಿ ಸುಮಾರು ಮೂರು ಮೀಟರ್ ಉಳಿದಂತಾಯಿತು. ಒಂದು ಜೀವಕ್ಕೆ ಅಷ್ಟು ದೂರ ಸಾಕು.

ಬಯೋಡೈವರ್ಸಿಟಿ ಮೇಲ್ಸೇತುವೆ ಕಲಿಸಿದ ಪಾಠ

ಹೈದರಾಬಾದಿನ ಗಚ್ಚಿಬೌಲಿ ಸಮೀಪದ ಬಯೋಡೈವರ್ಸಿಟಿ ವೃತ್ತದ ಮೇಲ್ಸೇತುವೆಯನ್ನು 2019ರ ನವೆಂಬರ್ 4ರಂದು ಸಂಚಾರಕ್ಕೆ ತೆರೆಯಲಾಯಿತು. ತಿರುವುಳ್ಳ ಈ ಸೇತುವೆಯ ಮೇಲೆ ಗಂಟೆಗೆ 40 ಕಿ.ಮೀ. ವೇಗಮಿತಿ ವಿಧಿಸಲಾಗಿತ್ತು. ಅದೇ ತಿಂಗಳ 23ರಂದು ಒಂದು ಕಾರು ಸೇತುವೆಯ ಅಂಚನ್ನು ದಾಟಿ ಕೆಳಗಿನ ರಸ್ತೆಗೆ ಉರುಳಿತು. ಕೆಳಗೆ ರಸ್ತೆಬದಿಯಲ್ಲಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಕಾರಿನ ವೇಗ ಮಿತಿಯ ಎರಡು ಪಟ್ಟಿಗೂ ಹೆಚ್ಚಾಗಿತ್ತೆಂದು ಪೊಲೀಸರು ತಿಳಿಸಿದರು. ಸೇತುವೆಯನ್ನು ಮುಚ್ಚಿ, ವೇಗವನ್ನು ತಗ್ಗಿಸುವ ಏರ್ಪಾಡುಗಳನ್ನು ಮಾಡಿ, 2020ರ ಜನವರಿಯಲ್ಲಿ ಮತ್ತೆ ತೆರೆಯಲಾಯಿತು.

ತಿರುವಿನಲ್ಲಿ ಕಾರನ್ನು ದಾರಿಯ ಮೇಲೆ ಹಿಡಿದಿಡುವುದು ಟೈರುಗಳ ಹಿಡಿತವೊಂದೇ. ಇದಕ್ಕೆ ಬೇಕಾಗುವ ಬಲವೂ ವೇಗ ಇಮ್ಮಡಿಯಾದಾಗ ನಾಲ್ಮಡಿಯಾಗುತ್ತದೆ. ತಿರುವಿನ ನಡುವೆ ಬಲವಾಗಿ ಬ್ರೇಕ್ ಒತ್ತಿದರೆ ಇರುವ ಹಿಡಿತವು ತಿರುಗುವುದಕ್ಕೂ ನಿಲ್ಲುವುದಕ್ಕೂ ಹಂಚಿಹೋಗಿ, ಎರಡಕ್ಕೂ ಸಾಲದೆ ಹೋಗಬಹುದು. ಆದುದರಿಂದ ವೇಗವನ್ನು ತಿರುವಿಗೆ ಮೊದಲೇ, ನೇರರಸ್ತೆಯಲ್ಲಿಯೇ ಇಳಿಸಬೇಕು. ರಸ್ತೆಬದಿಯ ವೇಗಮಿತಿಯ ಫಲಕವು ಸಲಹೆಯಲ್ಲ. ಆ ತಿರುವು ಎಷ್ಟು ವೇಗವನ್ನು ತಾಳಬಲ್ಲದೆಂಬ ಲೆಕ್ಕವೂ ಅದರಲ್ಲಿದೆ. ಕೆಂಪು ಅಂಚಿನ ವೃತ್ತದೊಳಗಿನ ಅಂಕಿಯನ್ನು ಓದಲು ತೆಲುಗು ಅಥವಾ ಉರ್ದು ಬಲ್ಲವರಾಗಬೇಕಿಲ್ಲ. ಅದು ಬೀದರಿನಲ್ಲಿಯೂ ಹೈದರಾಬಾದಿನಲ್ಲಿಯೂ ಒಂದೇ.

ಏರುರಸ್ತೆ ಮತ್ತು ಮಳೆ

ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ ಅದು ಹಿಂದಕ್ಕೆ ಜಾರಿ ಹಿಂದಿನ ವಾಹನಕ್ಕೆ ತಗಲುವುದುಂಟು. ಇದನ್ನು ತಪ್ಪಿಸಲು ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರು ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು, ಕ್ಲಚ್ಚನ್ನು ಹಿಡಿತದ ಸ್ಥಾನದವರೆಗೆ ಬಿಡಬೇಕು. ಕಾರಿನ ಮುಂಭಾಗ ಸ್ವಲ್ಪ ಮೇಲೆದ್ದಂತೆ ಕಂಡಾಗ ಹ್ಯಾಂಡ್‌ಬ್ರೇಕ್ ಬಿಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು ಚಾಲನಾ ಪರೀಕ್ಷೆಯ ಒಂದು ಅಂಗವಾಗಿದೆ.

ಮಳೆಗಾಲದಲ್ಲಿ ನಿಂತ ನೀರನ್ನು ದಾಟಿದ ಬಳಿಕ ಬ್ರೇಕ್ ಪಟ್ಟಿಗಳು ನೆನೆದಿರುತ್ತವೆ. ಹಿಂದೆ ವಾಹನವಿಲ್ಲದಾಗ ಬ್ರೇಕನ್ನು ಎರಡು ಮೂರು ಬಾರಿ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಆಳ ತಿಳಿಯದ ನೀರಿಗೆ ಕಾರನ್ನು ಇಳಿಸಲೇಬಾರದು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ರಸ್ತೆಗಳಲ್ಲಿ ಪ್ರವಾಹದ ನೀರು ವಾಹನಗಳನ್ನೇ ಕೊಚ್ಚಿಕೊಂಡು ಹೋದದ್ದನ್ನು ಮರೆಯಲಾಗದು.

ಪೆಡಲು ತಪ್ಪಿದಾಗ

ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನು ಒತ್ತುವ ತಪ್ಪು ಹೆಚ್ಚಾಗಿ ನಿಧಾನವೇಗದಲ್ಲಿ, ಕಾರು ನಿಲ್ಲಿಸುವ ಸ್ಥಳಗಳಲ್ಲಿ ಸಂಭವಿಸುತ್ತದೆ. ಹಿಮ್ಮುಖವಾಗಿ ಚಲಿಸುವಾಗ ಚಾಲಕರು ಮೈಯನ್ನು ತಿರುಗಿಸಿ ಕೂರುತ್ತಾರೆ. ಹಿಮ್ಮಡಿ ಅರಿವಿಲ್ಲದೆ ಸರಿಯುತ್ತದೆ. ಕಾರು ನೆಗೆದಾಗ ಗಾಬರಿಗೊಂಡ ಪಾದವು, ತಾನು ಬ್ರೇಕ್ ಒತ್ತುತ್ತಿದ್ದೇನೆಂಬ ಭ್ರಮೆಯಲ್ಲಿ, ಅದೇ ಪೆಡಲನ್ನು ಇನ್ನಷ್ಟು ಬಲವಾಗಿ ಒತ್ತುತ್ತದೆ. ಒತ್ತಿದಷ್ಟೂ ವೇಗ ಹೆಚ್ಚುತ್ತಿದ್ದರೆ ಪಾದ ತಪ್ಪು ಪೆಡಲಿನ ಮೇಲಿದೆಯೆಂದೇ ತಿಳಿಯಬೇಕು. ಆ ಪಾದವನ್ನು ಪೂರ್ತಿ ಮೇಲೆತ್ತಬೇಕು, ಕ್ಲಚ್ ಒತ್ತಬೇಕು, ಬಳಿಕ ನಡುವಿನ ಪೆಡಲನ್ನು ಒತ್ತಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ನಿಂತ ಕಾರಿನಲ್ಲಿ ಕುಳಿತು ಈ ಚಲನೆಯನ್ನು ಹತ್ತಾರು ಬಾರಿ ಅಭ್ಯಾಸ ಮಾಡುವುದು ಒಳಿತು.

ಪೆಡಲುಗಳ ಸುತ್ತಲಿನ ಜಾಗವನ್ನು ಸದಾ ತೆರವಾಗಿಡಬೇಕು. ಆಸನದ ಕೆಳಗಿನಿಂದ ಉರುಳಿಬಂದ ನೀರಿನ ಬಾಟಲಿ ಬ್ರೇಕಿನ ಅಡಿಯಲ್ಲಿ ಸಿಕ್ಕಿಕೊಂಡರೆ ಎಷ್ಟು ಒತ್ತಿದರೂ ಪೆಡಲು ಕೆಳಗಿಳಿಯದು. ಸಡಿಲವಾದ ಕಾಲುಹಾಸು, ಜಾರುವ ಚಪ್ಪಲಿ, ಎತ್ತರದ ಹಿಮ್ಮಡಿಯ ಪಾದರಕ್ಷೆಗಳೂ ಇಷ್ಟೇ ಅಪಾಯಕಾರಿ.

ಬ್ರೇಕ್ ಹಿಡಿಯದೆ ಹೋದರೆ ಪೆಡಲನ್ನು ಮೇಲಿಂದ ಮೇಲೆ ಒತ್ತಿ ಬಿಡಬೇಕು. ಒಂದೊಂದೇ ಕೆಳಗಿನ ಗೇರಿಗೆ ಇಳಿಯುತ್ತ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಕಾರು ನಿಲ್ಲುವ ಮುನ್ನ ಕೀಲಿಯನ್ನು ತೆಗೆಯಬಾರದು. ತೆಗೆದರೆ ಸ್ಟಿಯರಿಂಗ್ ಬಿಗಿದುಕೊಳ್ಳಬಹುದು.

ಕಲಿಕೆ ಮತ್ತು ಕಾನೂನು

ಕಾರಿನ ಕಲಿಕಾ ಪರವಾನಗಿಗೆ 18 ವರ್ಷ ತುಂಬಿರಬೇಕು. ಅದರ ಅವಧಿ ಆರು ತಿಂಗಳು. ಪಡೆದು 30 ದಿನಗಳಾದ ಬಳಿಕವೇ ಕಾಯಂ ಪರವಾನಗಿಯ ಪರೀಕ್ಷೆಗೆ ಹೋಗಬಹುದು. ಕಲಿಯುವ ಕಾರಿನ ಮುಂದೆಯೂ ಹಿಂದೆಯೂ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಬಣ್ಣದ ‘ಎಲ್’ ಅಕ್ಷರವಿರಬೇಕು. ಪರವಾನಗಿಯುಳ್ಳವರೊಬ್ಬರು ಕಾರನ್ನು ನಿಲ್ಲಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕುಳಿತಿರಬೇಕು.

ಚಾಲನಾ ಶಾಲೆಯ ಕಾರುಗಳಲ್ಲಿ ಬೋಧಕರ ಕಾಲಡಿಯಲ್ಲಿಯೂ ಪೆಡಲುಗಳಿರುತ್ತವೆ. ಇದು ಅವಶ್ಯವಾದ ರಕ್ಷಣೆ. ಆದರೆ ಕಾರು ಸಕಾಲಕ್ಕೆ ನಿಂತದ್ದು ತನ್ನ ಪಾದದಿಂದಲೋ ಬೋಧಕರ ಪಾದದಿಂದಲೋ ಎಂಬುದು ಕಲಿಯುವವರಿಗೆ ತಿಳಿಯದೆ ಹೋಗಬಹುದು. ಬ್ರೇಕ್ ಒತ್ತಿದವರು ಯಾರೆಂದು ಪ್ರತಿ ಬಾರಿಯೂ ಬೋಧಕರನ್ನು ಕೇಳಿ ತಿಳಿಯಬೇಕು. ಬೋಧಕರ ನೆರವಿಲ್ಲದೆ ಹಲವು ದಿನ ನಡೆದ ಮೇಲೆಯೇ ಕಲಿಕೆ ಮುಗಿಯಿತೆನ್ನಬಹುದು. 2021ರ ನಿಯಮಗಳಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಲಘು ವಾಹನದ ಶಿಕ್ಷಣಕ್ಕೆ ನಾಲ್ಕು ವಾರಗಳಲ್ಲಿ 29 ಗಂಟೆಗಳು ನಿಗದಿಯಾಗಿವೆ. ನಾಲ್ಕಾರು ದಿನಗಳಲ್ಲಿ ಕಾರು ಕಲಿತೆನೆನ್ನುವವರು ಇದನ್ನು ಗಮನಿಸಬೇಕು.

ಮದ್ಯವು ಪಾದಕ್ಕೆ ಮನಸ್ಸು ನೀಡುವ ಆಜ್ಞೆಯನ್ನೇ ತಡವಾಗಿಸುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶವಿದ್ದು ವಾಹನ ನಡೆಸುವುದು ಶಿಕ್ಷಾರ್ಹ ಅಪರಾಧ. ಚಾಲನೆಯ ವೇಳೆ ಮೊಬೈಲ್ ಬಳಕೆಯೂ ಅದೇ ರೀತಿ ಕಣ್ಣಿಗೂ ಪಾದಕ್ಕೂ ಇರುವ ಸಂಬಂಧವನ್ನು ಕಡಿಯುತ್ತದೆ. ಸೀಟ್ ಬೆಲ್ಟ್ ಚಾಲಕರಿಗೂ ಹಿಂದಿನ ಆಸನದವರಿಗೂ ಕಡ್ಡಾಯ. ಅದನ್ನು ಧರಿಸದೆ 2022ರಲ್ಲಿ 16,715 ಮಂದಿ ಮಡಿದರು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು ಆರು ಮೀಟರ್, ಎಂದರೆ ಎರಡು ಅಂತಸ್ತಿನ ಎತ್ತರದಿಂದ ಬಿದ್ದಂತೆ, 80 ಕಿ.ಮೀ. ವೇಗದಲ್ಲಾದರೆ 25 ಮೀಟರ್ ಎತ್ತರದಿಂದ ಬಿದ್ದಂತೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಎಡಪಾದ ಕ್ಲಚ್ಚಿಗೆ ಮಾತ್ರ. ಆಕ್ಸಿಲರೇಟರ್ ಮತ್ತು ಬ್ರೇಕ್ ಬಲಪಾದಕ್ಕೆ.
2. ಹೊರಡುವ ಮುನ್ನ ಆಸನ, ಕನ್ನಡಿ, ಸೀಟ್ ಬೆಲ್ಟ್, ಪೆಡಲುಗಳ ಕೆಳಗಿನ ಜಾಗ ಪರಿಶೀಲಿಸಬೇಕು.
3. ಸಂದೇಹ ಬಂದೆಡೆಯಲ್ಲಿ ಪಾದವು ಬ್ರೇಕಿನ ಮೇಲೆ ಸಿದ್ಧವಾಗಿರಬೇಕು.
4. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು. ಮಳೆಯಲ್ಲಿ ಅಂತರವನ್ನು ಹೆಚ್ಚಿಸಬೇಕು.
5. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗದಲ್ಲಿ ಎಂದೂ ಹೋಗಬಾರದು.

ಈ ಐದನೆಯ ಅಂಶದಲ್ಲಿ ಉಳಿದೆಲ್ಲವೂ ಅಡಕವಾಗಿದೆ. ಆಕ್ಸಿಲರೇಟರನ್ನು ಒತ್ತುವುದು ಯಾರಿಗೂ ಕಷ್ಟವಲ್ಲ. ಒತ್ತುವ ಮುನ್ನ, ಕೊಡುತ್ತಿರುವ ಈ ವೇಗವನ್ನು ಸಕಾಲದಲ್ಲಿ ಹಿಂತೆಗೆದುಕೊಳ್ಳಲು ಸಾಧ್ಯವೇ ಎಂದು ಯೋಚಿಸುವವರೇ ನಿಜವಾದ ಚಾಲಕರು. ರಸ್ತೆಯನ್ನು ದಾಟುವ ಅಪರಿಚಿತರ ಪ್ರಾಣವೂ, ಮನೆಯಲ್ಲಿ ದಾರಿ ಕಾಯುವವರ ನೆಮ್ಮದಿಯೂ ಆ ಒಂದು ಯೋಚನೆಯನ್ನು ಅವಲಂಬಿಸಿವೆ.